ಮುಂಬೈ ಕನ್ನಡಿಗ ಮರಾಠಿ ಮಾತಾಡಿದರೆ ಕನ್ನಡಾಭಿಮಾನ ಕಡಿಮೆಯಾದಂತೆಯೇ?

ಖಂಡಿತ ಇಲ್ಲ. ಇಲ್ಲಿನ ಎಷ್ಟೋ ಕನ್ನಡಿಗರ ಮನೆಮಾತೇ ಕನ್ನಡವಲ್ಲ. ಅಮ್ಮನ ಹತ್ತಿರ ತುಳು ಅಥವಾ ಕೊಂಕಣಿ, ಲೋಕಲ್ ಟ್ರೈನಿನಲ್ಲಿ ಮರಾಠಿ, ಹಿಂದಿ, ಸಂಘದ ವೇದಿಕೆ ಹತ್ತಿದರೆ ಅಚ್ಚಗನ್ನಡ. ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಓದಿ ಮೇಲೆ ಬಂದರು. ಅವರ ಪಾಲಿಗೆ ಕನ್ನಡ ಮೊದಲು ಅನ್ನದ ದಾರಿ, ಅಭಿಮಾನವೆಲ್ಲ ಆಮೇಲಿನದು. ಮಾಟುಂಗದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ 1926ರದ್ದು; ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರದ್ದು. ಎರಡೂ ಬೇರುಬಿಟ್ಟದ್ದು ಮರಾಠಿ ನೆಲದಲ್ಲೇ.

ಗಣೇಶೋತ್ಸವದಲ್ಲಿ ನಮ್ಮ ಮಕ್ಕಳು ‘ಸುಖಕರ್ತಾ ದುಃಖಹರ್ತಾ’ ಎಂಬ ಮರಾಠಿ ಆರತಿ ಹಾಡಿದರೆ ನನಗೇನೂ ಬೇಜಾರಿಲ್ಲ (ಚೆನ್ನಾಗಿಯೇ ಹಾಡುತ್ತಾರೆ!). ಬೇಜಾರು ಇನ್ನೊಂದಕ್ಕೆ: ಯಕ್ಷಗಾನಕ್ಕೆ ಅಪ್ಪನ ಜೊತೆ ಬರುತ್ತಾರೆ, ಕೈಗೆ ಕೊಟ್ಟ ಕನ್ನಡ ಕರಪತ್ರ ಓದಲು ಬಾರದು.