ಡಬಲ್ಸ್ ಆಡಿಕೊಂಡೇ ಬ್ಯಾಡ್ಮಿಂಟನ್‌ನಲ್ಲಿ ಜೀವನ ಕಟ್ಟಿಕೊಳ್ಳಲು ಆಗುತ್ತಾ?

ಮಗಳಿಗೆ 13 ವರ್ಷ, ಕುಶಾಲನಗರದಲ್ಲಿ ಆಡುತ್ತಾಳೆ, ಕೋಚ್ "ಇವಳನ್ನು ಡಬಲ್ಸ್‌ಗೆ ಹಾಕೋಣ" ಅಂದಿದ್ದಾರೆ ಅಂತ ಬರೆದಿದ್ದೀರಿ. ಸಿಂಗಲ್ಸ್‌ನಲ್ಲಿ ಆಗದವರನ್ನು ಡಬಲ್ಸ್‌ಗೆ ತಳ್ಳುತ್ತಾರಾ, ಅದನ್ನೇ ನಂಬಿಕೊಂಡು ಹೋದರೆ ಮುಂದೆ ಏನಾದರೂ ಇದೆಯಾ ಅನ್ನುವುದು ನಿಮ್ಮ ಪ್ರಶ್ನೆ. ಓದುತ್ತಿದ್ದ ಹಾಗೇ ನನ್ನ ಅಮ್ಮನ ನೆನಪಾಯಿತು. ಅವರೂ ನನ್ನ ಕೋಚ್ ಹತ್ತಿರ ಇದನ್ನೇ ಕೇಳಿದ್ದರು.

ನಾನು ಗೋಣಿಕೊಪ್ಪದವಳು. ಎಂಟು ವರ್ಷ ರಾಜ್ಯ ಮಟ್ಟದಲ್ಲಿ ಡಬಲ್ಸ್ ಆಡಿದ್ದೇನೆ. ಈಗ ತೋಟದ ಕೆಲಸದ ಜೊತೆಗೆ ಸಂಜೆ ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಡಬಲ್ಸ್‌ನಲ್ಲಿ ಜೀವನ ಇದೆ. ಆದರೆ ಅದರ ಅರ್ಧ ಮಾತ್ರ ನಿಮ್ಮ ಮಗಳ ಕೈಯಲ್ಲಿರುತ್ತದೆ. ಉಳಿದರ್ಧ ಇನ್ನೊಬ್ಬ ಹುಡುಗಿಯ ಕೈಯಲ್ಲಿರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡು ಹೋಗಬೇಕು.

ಮೊದಲು ಆ "ತಳ್ಳುತ್ತಾರಾ" ಅನ್ನುವ ಮಾತು. ಕೆಲವು ಕಡೆ ಹಾಗೆ ಮಾಡುವುದು ನಿಜ. ಸಿಂಗಲ್ಸ್‌ನಲ್ಲಿ ಬೇಗ ಸೋತವರನ್ನು ಸುಮ್ನೆ ಜೋಡಿ ಮಾಡಿ ನಿಲ್ಲಿಸಿಬಿಡುತ್ತಾರೆ. ಅದು ತಪ್ಪು, ಯಾಕೆಂದರೆ ಡಬಲ್ಸ್ ಬೇರೆಯೇ ಆಟ. ಸಿಂಗಲ್ಸ್ ಕೋರ್ಟ್‌ನ ಅಗಲ 5.18 ಮೀಟರ್, ಡಬಲ್ಸ್‌ನದ್ದು 6.1 ಮೀಟರ್. ಆದರೆ ಸರ್ವ್ ಬೀಳಬೇಕಾದ ಜಾಗ ಡಬಲ್ಸ್‌ನಲ್ಲಿ ಹಿಂದಿನಿಂದ 76 ಸೆಂಟಿಮೀಟರ್ ಕಡಿಮೆ. ಹಾಗಾಗಿ ಸರ್ವ್ ತೆಗೆದುಕೊಳ್ಳುವವಳು ಮುಂದಿನ ಗೆರೆಗೆ ಅಂಟಿಕೊಂಡೇ ನಿಲ್ಲುತ್ತಾಳೆ. ಷಟಲ್ ನೆಟ್‌ಗಿಂತ ನಾಲ್ಕು ಬೆರಳು ಮೇಲೆ ಬಂದರೂ ಸಾಕು, ಹೊಡೆದು ಹಾಕುತ್ತಾಳೆ. ಎಷ್ಟೋ ಪಾಯಿಂಟ್‌ಗಳು ಸರ್ವ್, ಅದರ ಉತ್ತರ, ಮೂರನೇ ಹೊಡೆತ, ಇಷ್ಟರಲ್ಲೇ ತೀರ್ಮಾನವಾಗುತ್ತವೆ. ಸಿಂಗಲ್ಸ್‌ನಲ್ಲಿ ಬೇಕಾದ ಓಟ ಮತ್ತು ತಾಳ್ಮೆಗಿಂತ ಇಲ್ಲಿ ಮಣಿಕಟ್ಟಿನ ವೇಗ, ಕಣ್ಣು, ಧೈರ್ಯ ಜಾಸ್ತಿ ಬೇಕು. ನಿಮ್ಮ ಕೋಚ್ ಇದನ್ನು ಮಗಳಲ್ಲಿ ನೋಡಿ ಹೇಳಿದ್ದರೆ ಖುಷಿಪಡಿ. ಒಮ್ಮೆ ನೇರವಾಗಿ ಕೇಳಿ: "ಇವಳಲ್ಲಿ ಏನು ನೋಡಿ ಹೇಳಿದಿರಿ?" ಉತ್ತರದಲ್ಲೇ ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡದು ಜೊತೆಯವಳನ್ನು ಓದುವುದು. ನಾವು ಹೊಡೆಯುವಾಗ ಇಬ್ಬರೂ ಹಿಂದೆ-ಮುಂದೆ ನಿಲ್ಲುತ್ತೇವೆ. ಎದುರಿನವರು ಹೊಡೆಯುವಾಗ ಅಕ್ಕಪಕ್ಕ ಆಗುತ್ತೇವೆ. ಒಂದೇ ರ‍್ಯಾಲಿಯಲ್ಲಿ ಇದು ನಾಲ್ಕೈದು ಸಲ ಬದಲಾಗಬಹುದು. ಆಡುವಾಗ "ನಂದು", "ನಿಂದು", "ಬಿಡು" ಅಂತ ಕೂಗಿ ಹೇಳುತ್ತೇವೆ. ನಾನು ಕಲಿತ ಕೋರ್ಟ್‌ಗೆ ಶೀಟ್ ಛಾವಣಿ ಇತ್ತು. ಜುಲೈ ತಿಂಗಳ ನಮ್ಮ ಮಳೆ ಗೊತ್ತಲ್ಲ, ಶೀಟ್ ಮೇಲೆ ಬಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಮೂರು ತಿಂಗಳು ನಾವು ಕೂಗದೇ ಆಡಬೇಕಾಗುತ್ತಿತ್ತು. ಜೊತೆಯವಳ ಹೆಜ್ಜೆ ಯಾವ ಕಡೆ ತಿರುಗಿತು, ಭುಜ ಎಷ್ಟು ಬಗ್ಗಿತು ಅಂತ ನೋಡಿಕೊಂಡೇ ಜಾಗ ಬಿಡುವುದು, ಹಿಡಿಯುವುದು. ಮುಂದೆ ಬೆಂಗಳೂರಿನ ಹುಡುಗಿಯರ ಎದುರು ಆಡಿದಾಗ ನಮಗೆ ಕೈಹಿಡಿದದ್ದು ಆ ಮಳೆಗಾಲದ ಅಭ್ಯಾಸವೇ. ಈಗಲೂ ನನ್ನ ಮಕ್ಕಳಿಗೆ ವಾರದಲ್ಲಿ ಒಂದು ದಿನ ಬಾಯಿ ಮುಚ್ಚಿಕೊಂಡು ಆಡಿಸುತ್ತೇನೆ.

ಡಬಲ್ಸ್ ಆಟಗಾರ್ತಿಯ ಜೀವನ ಹೇಗಿರುತ್ತದೆ ಅಂತ ನೋಡಲು ನಮಗೆ ದೂರ ಹೋಗಬೇಕಾಗಿಲ್ಲ. ಅಶ್ವಿನಿ ಪೊನ್ನಪ್ಪ ನಮ್ಮ ಕೊಡವ ಕುಟುಂಬದವರು. 1989ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಪ್ಪ ಭಾರತಕ್ಕೆ ಹಾಕಿ ಆಡಿದವರು. ಕೊಡಗಿನಲ್ಲಿ ಹಾಕಿ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ಮನೆತನದ ಹೆಸರಿನಲ್ಲೇ ತಂಡ ಇಳಿಯುತ್ತದೆ. ಅಂಥ ಮನೆಯಿಂದ ಬಂದ ಹುಡುಗಿ ರ‍್ಯಾಕೆಟ್ ಹಿಡಿದರು. ಹಿಂದಿನ ಅಂಕಣದಿಂದ ಅವರು ಹೊಡೆಯುತ್ತಿದ್ದ ಸ್ಮ್ಯಾಶ್ ನೋಡಿಯೇ ನಾವೆಲ್ಲ ಬೆಳೆದದ್ದು.

ಅವರ ಆಟದ ಜೀವನವನ್ನು ಜೊತೆಗಾರ್ತಿಯರ ಹೆಸರಿನಿಂದಲೇ ಮೂರು ಭಾಗ ಮಾಡಬಹುದು. ಮೊದಲು ಜ್ವಾಲಾ ಗುಟ್ಟಾ. ಜ್ವಾಲಾ ಎಡಗೈ, ಅಶ್ವಿನಿ ಬಲಗೈ. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಚಿನ್ನ. 2011ರಲ್ಲಿ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 1983ರಲ್ಲಿ ಪ್ರಕಾಶ್ ಪಡುಕೋಣೆ ತಂದ ಕಂಚಿನ ನಂತರ 28 ವರ್ಷ ಭಾರತಕ್ಕೆ ಅಲ್ಲಿ ಪದಕವೇ ಬಂದಿರಲಿಲ್ಲ. ಆ ಬರ ಮುರಿದದ್ದು ಒಂದು ಡಬಲ್ಸ್ ಜೋಡಿ ಅನ್ನುವುದು ನೆನಪಿರಲಿ. ಮರುವರ್ಷ ಲಂಡನ್ ಒಲಿಂಪಿಕ್ಸ್. ಗುಂಪಿನ ಮೂರು ಪಂದ್ಯಗಳಲ್ಲಿ ಎರಡು ಗೆದ್ದರು. ಮೂರು ಜೋಡಿಗಳು ಎರಡೆರಡು ಗೆದ್ದಿದ್ದವು. ಪಾಯಿಂಟ್ ಲೆಕ್ಕ ಹಾಕಿದಾಗ ಒಂದೇ ಒಂದು ಪಾಯಿಂಟ್ ವ್ಯತ್ಯಾಸದಲ್ಲಿ ಕ್ವಾರ್ಟರ್ ಫೈನಲ್ ತಪ್ಪಿತು. ನಾನು ಮಕ್ಕಳಿಗೆ ಈ ಕತೆ ಹೇಳುವುದು ಜಾಸ್ತಿ. 20-12 ಆಗಿದೆ, ಹೇಗೂ ಸೋತೆವು ಅಂತ ಕೈ ಬಿಡುವ ಮಕ್ಕಳಿಗೆ, ಆ ಎಂಟು ಪಾಯಿಂಟ್‌ನಲ್ಲಿ ಒಂದನ್ನಾದರೂ ತಗೊಳ್ಳಿ ಅನ್ನುತ್ತೇನೆ.

2016ರ ರಿಯೊ ಒಲಿಂಪಿಕ್ಸ್ ಆದ ಮೇಲೆ ಸಿಕ್ಕಿ ರೆಡ್ಡಿ ಜೊತೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಇಬ್ಬರಿಗೂ ಕಂಚು. ಅದೇ ಕೂಟದಲ್ಲಿ ಮಿಶ್ರ ತಂಡಕ್ಕೆ ಚಿನ್ನ. ಆದರೆ ಟೋಕಿಯೊ ಒಲಿಂಪಿಕ್ಸ್‌ಗೆ ಈ ಜೋಡಿಗೆ ಜಾಗ ಸಿಗಲಿಲ್ಲ. ಅಲ್ಲಿಗೆ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಂಡಿದ್ದರು. 2023ರ ಆರಂಭದಲ್ಲಿ ಅಶ್ವಿನಿ ತನೀಶಾ ಕ್ರಾಸ್ಟೊ ಜೊತೆ ಹೊಸದಾಗಿ ಶುರು ಮಾಡಿದರು. ತನೀಶಾ ಹುಟ್ಟಿದ್ದು 2003ರಲ್ಲಿ. ಇಬ್ಬರ ನಡುವೆ ಹದಿಮೂರು ವರ್ಷಕ್ಕಿಂತ ಜಾಸ್ತಿ ಅಂತರ. ವಿಶ್ವ ಚಾಂಪಿಯನ್‌ಷಿಪ್ ಪದಕ ಗೆದ್ದವರು ಸಣ್ಣ ಟೂರ್ನಿಗಳಿಗೆ ಹೋಗಿ ಆಡಿದರು. ಅದೇ ವರ್ಷ ನಾಂಟ್, ಅಬುಧಾಬಿ, ಗುವಾಹಟಿಯ ಟೂರ್ನಿಗಳನ್ನು ಗೆದ್ದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಜಾಗ ಮಾಡಿಕೊಂಡರು. ಅಲ್ಲಿ ಮೂರೂ ಪಂದ್ಯ ಸೋತರು. ಇದು ನನ್ನ ಕೊನೆಯ ಒಲಿಂಪಿಕ್ಸ್ ಅಂತ ಅಶ್ವಿನಿ ಹೇಳಿದ ದಿನ ನಾನು ಅತ್ತಿದ್ದೇನೆ. ಆಗ ಅವರಿಗೆ 34 ವರ್ಷ.

ಸಣ್ಣ ಟೂರ್ನಿಗಳಿಗೆ ಯಾಕೆ ಹೋಗಬೇಕಾಯಿತು ಗೊತ್ತಾ? ವಿಶ್ವ ರ‍್ಯಾಂಕಿಂಗ್ ಇರುವುದು ಜೋಡಿಗೆ. ಜೊತೆಗಾರ್ತಿ ಬದಲಾದರೆ ಹೊಸ ಜೋಡಿಯ ರ‍್ಯಾಂಕನ್ನು ಮತ್ತೆ ಕೆಳಗಿನಿಂದ ಕಟ್ಟಬೇಕು. ಸಿಂಗಲ್ಸ್‌ನಲ್ಲಿ ಹೀಗಾಗುವುದಿಲ್ಲ. ಇಂಡೋನೇಷ್ಯಾದ ಹೆಂದ್ರಾ ಸೆಟಿಯವಾನ್ 2008ರಲ್ಲಿ ಮಾರ್ಕಿಸ್ ಕಿಡೊ ಜೊತೆ ಒಲಿಂಪಿಕ್ಸ್ ಚಿನ್ನ ಗೆದ್ದರು. ಆಮೇಲೆ ಮೊಹಮ್ಮದ್ ಅಹ್ಸಾನ್ ಜೊತೆ ಸೇರಿ 2013, 2015, 2019ರಲ್ಲಿ ವಿಶ್ವ ಚಾಂಪಿಯನ್ ಆದರು. ನಲವತ್ತು ವರ್ಷದವರೆಗೂ ಆಡಿದರು. ಡಬಲ್ಸ್‌ನಲ್ಲಿ ಓಡುವ ಜಾಗ ಅರ್ಧವಾಗುವುದರಿಂದ, ಮಂಡಿ ಚೆನ್ನಾಗಿದ್ದರೆ ವಯಸ್ಸಾದರೂ ಆಡಬಹುದು.

ಮಂಡಿಯ ಮಾತು ಬಂದಾಗ ನನ್ನದನ್ನೂ ಹೇಳಿಬಿಡುತ್ತೇನೆ. ನನ್ನ ಜೊತೆಯವಳು ಮೈಸೂರಿನವಳು. ಮೂರು ವರ್ಷ ಒಟ್ಟಿಗೆ ಆಡಿದೆವು. ಶನಿವಾರ ಬಸ್ ಹತ್ತಿ ಹೋಗಿ ಅವಳ ಮನೆಯಲ್ಲೇ ಉಳಿಯುತ್ತಿದ್ದೆ. ನನಗೆ 19 ವರ್ಷ ಇದ್ದಾಗ ಒಂದು ಸೆಮಿಫೈನಲ್‌ನಲ್ಲಿ ಸ್ಮ್ಯಾಶ್ ಹೊಡೆದು ಕೆಳಗಿಳಿಯುವಾಗ ಅವಳ ಮಂಡಿ ತಿರುಗಿತು. ಲಿಗಮೆಂಟ್ ಹರಿದಿತ್ತು. ಟೂರ್ನಿ ನಡೆಸುವವರ ಹತ್ತಿರ ಒಂದು ಐಸ್ ಪ್ಯಾಕ್ ಕೂಡ ಇರಲಿಲ್ಲ. ಅವಳು ಮತ್ತೆ ಆಡಲಿಲ್ಲ. ನನ್ನ ಮೈಗೆ ಒಂದು ಗಾಯವೂ ಆಗಿರಲಿಲ್ಲ, ಆದರೂ ನನ್ನ ಆಟ ಅಂದೇ ನಿಂತುಹೋಯಿತು. ಆಮೇಲೆ ಬೇರೆ ಹುಡುಗಿಯ ಜೊತೆ ಅರ್ಹತಾ ಸುತ್ತಿನಿಂದ, ಅಂದರೆ ಕ್ವಾಲಿಫೈಯಿಂಗ್‌ನಿಂದ ಶುರು ಮಾಡಿದೆ. ಕೋರ್ಟ್‌ನ ಎಡ ಹಿಂಭಾಗಕ್ಕೆ ಷಟಲ್ ಬಂದಾಗಲೆಲ್ಲ ನಾನು ಕಾಲು ಎತ್ತುತ್ತಲೇ ಇರಲಿಲ್ಲ. ಅದು ಅವಳ ಜಾಗ. ಅಲ್ಲಿ ಅವಳಿರುತ್ತಾಳೆ ಅಂತ ಮೈಗೆ ಅಭ್ಯಾಸವಾಗಿಬಿಟ್ಟಿತ್ತು. ಹೊಸ ಹುಡುಗಿ ಪಾಪ ತುಂಬಾ ಪ್ರಯತ್ನ ಮಾಡಿದಳು. ಅವಳ ಮೇಲೆ ನಾನು ರೇಗಿದ್ದು ಇವತ್ತಿಗೂ ನೋಯುತ್ತದೆ. ಹೊಸ ಜೋಡಿ ಕೂಡಿಬರಲು ಒಂದು ವರ್ಷವಾದರೂ ಬೇಕು ಅಂತ ಆಗ ಯಾರೂ ನನಗೆ ಹೇಳಿರಲಿಲ್ಲ.

ಇನ್ನು ದುಡ್ಡು. ಸೂಪರ್ 300 ಮಟ್ಟದ ಅಂತಾರಾಷ್ಟ್ರೀಯ ಟೂರ್ನಿಯಲ್ಲಿ ಒಟ್ಟು ಬಹುಮಾನದ ಶೇ. 7.5 ಸಿಂಗಲ್ಸ್ ಗೆದ್ದವರಿಗೆ. ಡಬಲ್ಸ್ ಗೆದ್ದ ಜೋಡಿಗೆ ಶೇ. 7.9, ಅದೂ ಇಬ್ಬರಿಗೂ ಸೇರಿ. ಹಂಚಿಕೊಂಡರೆ ಒಬ್ಬರಿಗೆ ಶೇ. 4 ಕೂಡ ಬರುವುದಿಲ್ಲ. ವಿಮಾನದ ಟಿಕೆಟ್, ಊಟ, ರೂಮು ಯಾವುದೂ ಅರ್ಧವಾಗುವುದಿಲ್ಲ. ಹಾಗಾಗಿ ಬಹುಮಾನದ ಹಣ ನಂಬಿಕೊಂಡು ಲೆಕ್ಕ ಹಾಕಬೇಡಿ. ನಮ್ಮ ದೇಶದಲ್ಲಿ ಆಟಗಾರರ ಮನೆ ನಡೆಯುವುದು ಹೆಚ್ಚಾಗಿ ರೈಲ್ವೆ, ತೈಲ ಕಂಪನಿಗಳಂಥ ಕಡೆ ಕ್ರೀಡಾ ಕೋಟಾದಲ್ಲಿ ಸಿಗುವ ಕೆಲಸದಿಂದ. ಅದಕ್ಕೆ ರಾಷ್ಟ್ರ ಮಟ್ಟದ ಸರ್ಟಿಫಿಕೇಟ್ ಬೇಕು, ಓದೂ ಬೇಕು. ಪಿಯುಸಿ ಬಿಡಿಸಿ ಪೂರ್ತಿ ಆಟಕ್ಕೆ ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಕೊಡಗಿನಲ್ಲಿ ಇದ್ದುಕೊಂಡೇ ಆಗುತ್ತಾ ಅಂದರೆ, ಒಂದು ಹಂತದವರೆಗೆ ಖಂಡಿತ ಆಗುತ್ತದೆ. ಕೇರಳದ ಗಡಿಯ ಮಾಕುಟ್ಟ ದಾಟಿದರೆ ಸಿಗುವ ಕಣ್ಣೂರು ಜಿಲ್ಲೆಯ ಹುಡುಗಿ ಟ್ರೀಸಾ ಜಾಲಿ. ದೈಹಿಕ ಶಿಕ್ಷಕರಾದ ಅಪ್ಪನೇ ಮೊದಲ ಕೋಚ್. ಆಮೇಲೆ ಹೈದರಾಬಾದಿಗೆ ಹೋಗಿ ಗಾಯತ್ರಿ ಗೋಪಿಚಂದ್ ಜೊತೆ ಸೇರಿದಳು. 2022ರಲ್ಲೂ 2023ರಲ್ಲೂ ಇಬ್ಬರೂ ಬ್ಯಾಡ್ಮಿಂಟನ್‌ನ ಹೆಸರಾಂತ ಟೂರ್ನಿ ಆಲ್ ಇಂಗ್ಲೆಂಡ್‌ನ ಸೆಮಿಫೈನಲ್ ಆಡಿದರು. ನಮ್ಮ ಕಡೆಯಂಥದ್ದೇ ಮಳೆ, ನಮ್ಮ ಕಡೆಯಂಥದ್ದೇ ಗುಡ್ಡ. ಊರು ಬಿಡಬೇಕಾದ ಕಾಲ ಬರುತ್ತದೆ, ಆದರೆ 13 ವರ್ಷಕ್ಕೇ ಬರಬೇಕು ಅಂತೇನಿಲ್ಲ.

ಈಗ ನೀವು ಮಾಡಬಹುದಾದದ್ದು. ಇನ್ನೂ ಎರಡು ವರ್ಷ ಮಗಳು ಸಿಂಗಲ್ಸ್ ಕೂಡ ಆಡಲಿ. ಕಾಲಿನ ಕೆಲಸ, ಹಿಂದಿನ ಅಂಕಣದ ಹೊಡೆತ ಅಲ್ಲೇ ಗಟ್ಟಿಯಾಗುವುದು. ಹಗ್ಗ ಜಿಗಿಯುವುದು, ತೊಡೆ ಮತ್ತು ಮಂಡಿ ಗಟ್ಟಿ ಮಾಡುವ ವ್ಯಾಯಾಮ ಒಂದು ದಿನವೂ ತಪ್ಪದಿರಲಿ. ನೆಟ್ ಹತ್ತಿರದ ಆಟ ಮಾತ್ರ ಕಲಿಸಿ ಬಿಡುವ ಕೋಚ್‌ಗಳಿದ್ದಾರೆ, ಅದಕ್ಕೆ ಒಪ್ಪಬೇಡಿ. ಮುಂದೆ ಯಾರ ಜೊತೆ ಆಡಬೇಕಾಗುತ್ತದೋ ಈಗ ಗೊತ್ತಿಲ್ಲ, ಎರಡೂ ಜಾಗದಲ್ಲಿ ಆಡಲು ಬರಬೇಕು.

ಜೊತೆಗಾರ್ತಿಯನ್ನು ಹುಡುಕುವಾಗ ಊರಿನಲ್ಲಿ ಚೆನ್ನಾಗಿ ಆಡುವವಳು ಯಾರು ಅಂತ ಮಾತ್ರ ನೋಡಬೇಡಿ. ಸೋತ ಪಂದ್ಯದ ನಂತರ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತಾರಾ ಅಂತ ನೋಡಿ. ಆಮೇಲೆ ಆ ಹುಡುಗಿಯ ಅಪ್ಪ-ಅಮ್ಮನನ್ನು ಮನೆಗೆ ಕರೆಯಿರಿ. ಯಾವ ಟೂರ್ನಿಗೆ ಯಾರು ಕರೆದುಕೊಂಡು ಹೋಗುವುದು, ಷಟಲ್ ಖರ್ಚು ಹೇಗೆ ಹಂಚುವುದು, ಕಾಫಿ ಕುಯ್ಲಿನ ಸಮಯದಲ್ಲಿ ತೋಟ ಬಿಟ್ಟು ಬರಲು ಆಗದಿದ್ದರೆ ಏನು, ಪರೀಕ್ಷೆ ಬಂದರೆ ಏನು, ಒಬ್ಬಳಿಗೆ ಪೆಟ್ಟಾದರೆ ಇನ್ನೊಬ್ಬಳು ಎಷ್ಟು ದಿನ ಕಾಯುವುದು. ಇದನ್ನೆಲ್ಲ ಮಕ್ಕಳ ಎದುರಿಗೇ ಮಾತಾಡಿ. ನಮ್ಮ ಮನೆಯವರು ಮಾತಾಡಿರಲಿಲ್ಲ.