ಭಾರತೀಯ ಸೈನಿಕರನ್ನು ಹೊರಗೆ ಕಳುಹಿಸಿದ ಮಾಲ್ಡೀವ್ಸ್, ಅವರು ನಡೆಸುತ್ತಿದ್ದ ವಿಮಾನಗಳನ್ನು ಮಾತ್ರ ಏಕೆ ಉಳಿಸಿಕೊಂಡಿತು?

ಭಾಷಣಕ್ಕೆ ಸೈನಿಕರು ಬೇಡವಾಗಿದ್ದರು, ಆಡಳಿತಕ್ಕೆ ವಿಮಾನಗಳು ಬೇಕಾಗಿದ್ದವು. ಚಿಕ್ಕ ಉತ್ತರ ಇಷ್ಟೇ.

ಮೊಹಮದ್ ಮುಯಿಝು 2023ರ ಮಾಲ್ಡೀವ್ಸ್ ಅಧ್ಯಕ್ಷೀಯ ಚುನಾವಣೆಯಲ್ಲಿ ಗೆದ್ದದ್ದು ವಿದೇಶಿ ಸೈನಿಕರನ್ನು ಹೊರಗೆ ಕಳುಹಿಸುವ ಮಾತಿನ ಬಲದಿಂದ. ನವೆಂಬರ್ 17ರಂದು ಅಧಿಕಾರ ವಹಿಸಿಕೊಂಡ ಮರುದಿನವೇ ಆ ಬೇಡಿಕೆಯನ್ನು ಭಾರತದ ಮುಂದಿಟ್ಟರು. ಅಲ್ಲಿದ್ದವರು ಎಂಬತ್ತಕ್ಕಿಂತ ಕಡಿಮೆ ಮಂದಿ. ಎರಡು ಧ್ರುವ್ ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ ನೋಡಿಕೊಳ್ಳುತ್ತಿದ್ದರು. (ಧ್ರುವ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಕೂಸು.) ದೂರದ ದ್ವೀಪಗಳ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವುದು ಇವುಗಳ ಮುಖ್ಯ ಕೆಲಸ. ಅದನ್ನು ನಿಲ್ಲಿಸಿದರೆ ಮತದಾರರು ಸುಮ್ಮನಿರುತ್ತಾರೆಯೇ?

ಹಾಗಾಗಿ ಜಾಣ ದಾರಿಯೊಂದು ಹೊರಬಿತ್ತು: 2024ರ ಮೇ 10ರೊಳಗೆ ಸಮವಸ್ತ್ರದವರು ಹೋದರು, ಅವರ ಜಾಗಕ್ಕೆ ಭಾರತದ ನಾಗರಿಕ ತಂತ್ರಜ್ಞರು ಬಂದರು. ಮುಯಿಝು ಮಾತು ಉಳಿಸಿಕೊಂಡರು, ವಿಮಾನಗಳೂ ಉಳಿದವು. ಅದೇ ತಿಂಗಳು ಅವರ ರಕ್ಷಣಾ ಸಚಿವ ಘಸ್ಸಾನ್ ಮೌಮೂನ್, ಇವನ್ನು ಹಾರಿಸಬಲ್ಲ ಪೈಲಟ್‌ಗಳು ತಮ್ಮ ಸೇನೆಯಲ್ಲಿ ಇಲ್ಲವೆಂದು ಒಪ್ಪಿಕೊಂಡದ್ದು ನನಗೆ ಇಡೀ ಪ್ರಕರಣದ ಅತ್ಯಂತ ಪ್ರಾಮಾಣಿಕ ಕ್ಷಣವಾಗಿ ಕಾಣುತ್ತದೆ.

ಎಲ್ಲವೂ ಬರೀ ವೇಷ ಬದಲಾವಣೆ ಎನ್ನಲಾಗದು. ಭಾರತದೊಂದಿಗಿನ 2019ರ ಸಮುದ್ರ ಸಮೀಕ್ಷೆ ಒಪ್ಪಂದವನ್ನು ಮಾಲ್ಡೀವ್ಸ್ ನಿಜವಾಗಿಯೂ ನವೀಕರಿಸಲಿಲ್ಲ. ಆದರೆ ವಿದೇಶಿ ವಿನಿಮಯ ಬರಿದಾಗುತ್ತ ಬಂದಾಗ, 2024ರ ಅಕ್ಟೋಬರ್‌ನಲ್ಲಿ ಮುಯಿಝು ದೆಹಲಿಗೆ ಬಂದು 40 ಕೋಟಿ ಡಾಲರ್ ಕರೆನ್ಸಿ ವಿನಿಮಯ ನೆರವಿನ ಜೊತೆಗೆ ಕಡಲ ಭದ್ರತಾ ಸಹಕಾರಕ್ಕೂ ಒಪ್ಪಿದರು.