ಹಿತ್ತಲ ಲಾನ್‌ನಲ್ಲಿ ಓಕ್ ಮರದ ನೆರಳಿಗೆ ಬಿದಿರೆಲೆಯಂಥ ಹುಲ್ಲು ಹಬ್ಬಿದೆ, ಯಾವ ಔಷಧಿ ಹೊಡೆಯಲಿ?

ನಿಮ್ಮದು ಜಪಾನೀಸ್ ಸ್ಟಿಲ್ಟ್‌ಗ್ರಾಸ್ ಅನ್ನುವ ಕಳೆಹುಲ್ಲು. ಅಮೆರಿಕದ ವರ್ಜೀನಿಯಾದಲ್ಲಿ ನಮ್ಮ ಮನೆ ಹಿಂದೆಯೂ ಇದೇ ಇತ್ತು. ಖಾತ್ರಿ ಮಾಡಿಕೊಳ್ಳಬೇಕಾದರೆ ಒಂದು ಎಲೆ ಕಿತ್ತು ಬಿಸಿಲಿಗೆ ವಾಲಿಸಿ ನೋಡಿ. ಬೆಳ್ಳಿಯಂತೆ ಹೊಳೆಯುವ ಗೆರೆ ಸರಿಯಾಗಿ ನಡುವೆ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ.

ನಾವು ಮನೆ ತಗೊಂಡಾಗ ಇದು ಕಾಡಿನ ಕಡೆಯ ಬೇಲಿ ಪಕ್ಕ ಮಾತ್ರ ಇತ್ತು. ಮೆತ್ತಗೆ, ತಿಳಿಹಸಿರು. ಬೇರೇನೂ ಬೆಳೆಯದ ಜಾಗದಲ್ಲಿ ಹಸಿರು ಕಂಡು ಖುಷಿಯಾಗಿ ಬೇಸಿಗೆಯೆಲ್ಲ ಹಾಗೇ ಬಿಟ್ಟೆ. ಸೆಪ್ಟೆಂಬರ್ ಕೊನೆಗೆ ಮೊಣಕಾಲೆತ್ತರ ಬಂದಾಗ ಹುಲ್ಲು ಕತ್ತರಿಸುವ ಮೋವರ್ ಓಡಿಸಿದೆ. ಬೇಲಿ ಹತ್ತಿರ ಶುರು ಮಾಡಿ, ಅದೇ ಮೋವರನ್ನು ತೊಳೆಯದೆ ಮನೆ ಮುಂದಿನ ಲಾನ್‌ಗೂ ತಂದೆ.

ನಷ್ಟ ಆಗಿದ್ದು ಇಲ್ಲೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೆನೆ ಅಷ್ಟಾಗಿ ಕಾಣಲಿಲ್ಲ, ಹಾಗಾಗಿ ಬೀಜ ಕಟ್ಟಿಲ್ಲ ಅಂದುಕೊಂಡಿದ್ದೆ. ಆದರೆ ಈ ಹುಲ್ಲು ತುದಿಯಲ್ಲಿ ಮಾತ್ರ ಅಲ್ಲ, ಕಾಂಡವನ್ನು ಸುತ್ತಿಕೊಂಡಿರುವ ಎಲೆಬುಡದ ಒಳಗೂ ಬೀಜ ಕಟ್ಟುತ್ತದೆ. ಅಲ್ಲಿ ಹೂವು ಅರಳುವುದೇ ಇಲ್ಲ, ಹೊರಗಿಂದ ಏನೂ ಗೊತ್ತಾಗುವುದಿಲ್ಲ. ಒಂದೊಂದು ಗಿಡದಲ್ಲಿ ನೂರರಿಂದ ಸಾವಿರದವರೆಗೂ ಬೀಜ ಇರಬಹುದು. ಒದ್ದೆ ಹುಲ್ಲು ಮೋವರ್ ಅಡಿಗೆ ಮೆತ್ತಿಕೊಂಡು, ನಾನು ತಳ್ಳಿಕೊಂಡು ಹೋದಲ್ಲೆಲ್ಲ ಉದುರಿತು. ಮುಂದಿನ ಮಾರ್ಚ್‌ನಲ್ಲಿ ಮೋವರ್ ಓಡಾಡಿದ ಸಾಲಿನಲ್ಲೇ ಮೊಳಕೆ ಬಂತು. ಮಣ್ಣಿಗೆ ಬಿದ್ದ ಬೀಜ ಸುಮಾರು ಐದು ವರ್ಷ ಜೀವ ಹಿಡಿದಿರುತ್ತದೆ. ಒಂದು ಮಧ್ಯಾಹ್ನದ ಕೆಲಸಕ್ಕೆ ಅಷ್ಟು ವರ್ಷ ಕಳೆ ಕೀಳಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಯಾವ ಔಷಧಿ ಅನ್ನುವುದನ್ನು ಬಿಟ್ಟು ಯಾವಾಗ ಅನ್ನುವುದನ್ನು ಯೋಚಿಸಿ. ಇದು ಒಂದೇ ವರ್ಷದ ಹುಲ್ಲು. ಹಿಮ ಬಿದ್ದರೆ ತಾನಾಗೇ ಸಾಯುತ್ತದೆ. ಅಕ್ಟೋಬರ್‌ನಲ್ಲಿ ಔಷಧಿ ಹೊಡೆದರೆ ಹೇಗೂ ಸಾಯುವುದನ್ನೇ ಸಾಯಿಸಿದಂತೆ, ಬೀಜ ಆಗಲೇ ಉದುರಿರುತ್ತದೆ. ಆಗಸ್ಟ್‌ನಲ್ಲಿ ಮಳೆ ಬಂದ ಮರುದಿನ ಕೈಯಲ್ಲಿ ಎಳೆಯಿರಿ. ಬೇರು ಮೇಲೆಮೇಲೆಯೇ ಇರುವುದರಿಂದ ಹಿಡಿಹಿಡಿಯಾಗಿ ಕಿತ್ತು ಬರುತ್ತದೆ. ನೆಲಕ್ಕೆ ತಾಗಿದ ಗೆಣ್ಣುಗಳಲ್ಲೂ ಬೇರು ಬಿಟ್ಟಿರುತ್ತದೆ, ಅದನ್ನೂ ಬಿಡಬೇಡಿ. ಕೀಳಲಾಗದಷ್ಟು ಇದ್ದರೆ ಆಗಸ್ಟ್ ಕೊನೆಗೆ, ಹೂ ಬಿಡುವ ಮೊದಲು, ನೆಲಮಟ್ಟಕ್ಕೆ ಕತ್ತರಿಸಿ. ಜೂನ್‌ನಲ್ಲೇ ಕತ್ತರಿಸಿದರೆ ಮತ್ತೆ ಚಿಗುರಿ, ಕುಳ್ಳಗೇ ನಿಂತು ಬೀಜ ಕಟ್ಟುತ್ತದೆ.

ಮೊಳಕೆ ತಡೆಯುವ ಔಷಧಿ ಹಾಕಲೇಬೇಕು ಅಂತಿದ್ದರೆ, ಲಾನ್‌ನ ಇನ್ನೊಂದು ಕಳೆಯಾದ ಕ್ರ್ಯಾಬ್‌ಗ್ರಾಸ್‌ಗೆ ಹಾಕುವುದಕ್ಕಿಂತ ಕೆಲವು ವಾರ ಮೊದಲೇ ಹಾಕಿ, ಇದು ಅದಕ್ಕಿಂತ ಬೇಗ ಮೊಳೆಯುತ್ತದೆ. ಆದರೆ ಆಗ ಲಾನ್ ಬೀಜ ಬಿತ್ತಿದರೂ ಹುಟ್ಟುವುದಿಲ್ಲ.

ಇನ್ನೊಂದು ಮಾತು, ಆ ಓಕ್ ಕೆಳಗೆ ಲಾನ್ ಬೇಕೇ ಬೇಕಾ? ಲಾನ್‌ಗೆ ಹಾಕುವ ಫೆಸ್ಕ್ಯೂ ಹುಲ್ಲು ಅಲ್ಲಿ ಬಿಸಿಲಿಲ್ಲದೆ ತೆಳ್ಳಗಾಗುತ್ತದೆ, ಬರಿನೆಲ ಕಂಡಲ್ಲಿ ಸ್ಟಿಲ್ಟ್‌ಗ್ರಾಸ್ ನುಗ್ಗುತ್ತದೆ. ಸಿಗುವ ಬಿಸಿಲಿನ ನೂರಕ್ಕೆ ಐದು ಭಾಗ ಇದ್ದರೂ ಬದುಕುವ ಹುಲ್ಲು ಇದು. ಇದರ ತವರು ಏಷ್ಯಾ, ಭಾರತವೂ ಸೇರಿ. ಪಿಂಗಾಣಿ ಸಾಮಾನು ಒಡೆಯದಿರಲಿ ಅಂತ ತುಂಬಿದ್ದ ಒಣಹುಲ್ಲಿನ ಜೊತೆ ಬಂದಿರಬಹುದು ಅನ್ನುತ್ತಾರೆ. ಅಮೆರಿಕದಲ್ಲಿ ಮೊದಲು ಗುರುತಿಸಿದ್ದು 1919ರಲ್ಲಿ, ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ. ಜಿಂಕೆ ಇದನ್ನು ಮುಟ್ಟುವುದಿಲ್ಲ, ಸುತ್ತಲಿನ ಗಿಡಗಳನ್ನೇ ಮೇಯುತ್ತದೆ. ನಾನು ಅಲ್ಲಿ ಲಾನ್ ಆಸೆ ಬಿಟ್ಟು ಮರದ ಚಕ್ಕೆ ಹರಡಿ ಕ್ರಿಸ್‌ಮಸ್ ಫರ್ನ್ ಅನ್ನುವ ಜರಿಗಿಡ ನೆಟ್ಟೆ. ಜಿಂಕೆಗಳು ಅದರ ತಂಟೆಗೆ ಅಷ್ಟಾಗಿ ಬರುವುದಿಲ್ಲ.

ಹೂ ಬಿಡುವ ಮೊದಲು ಕಿತ್ತದ್ದನ್ನು ಅಲ್ಲೇ ಒಣಗಲು ಬಿಡಬಹುದು. ಬೀಜ ಕಟ್ಟಿದ್ದರೆ ಚೀಲಕ್ಕೆ ತುಂಬಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಕೀಳುವಾಗ ಬೇಲಿ ಕಡೆಯಿಂದ ಶುರು ಮಾಡಬೇಡಿ. ಮೊದಲು ಲಾನ್ ಒಳಗೆ ಬಂದಿರುವುದನ್ನು ತೆಗೆದು, ಆಮೇಲೆ ಬೇಲಿಗೆ ಹೋಗಿ.